ಉರಿಗಾಂನಲ್ಲಿ ಹಾರುಮಿ ಹೇಳಿದ ಯೆಸ್

ಕೆಜಿಎಫ್‌ಗೆ ಬಂದ ಮೊದಲ ಬೆಳಿಗ್ಗೆ ಮುಚ್ಚಿದ ಬಾಗಿಲಿನ ಆಚೆಯಿಂದ ಮನೆಯೊಡತಿ ಕೂಗಿದರು: "ಆಲು ಬೇಕಾ ಟೀಚರಮ್ಮಾ?"

ನಾನು ಒಳಗಿನಿಂದಲೇ, "ಬ್ಯಾಡ್ರಿ, ಆಲೂ ತಿಂದರ ನನಗ ಹೊಟ್ಟಿ ಉಬ್ಬತದ" ಎಂದೆ. ಆಮೇಲೆ ಚಪ್ಪಲಿ ದೂರ ಹೋದ ಸದ್ದು. ಒಲೆಯ ಮೇಲೆ ಚಹಾ ಕುದಿಸಿಕೊಂಡು ಕೂತ ಮೇಲೆಯೇ ನನಗೆ ಹೊಳೆದದ್ದು, ಅವರು ಕೇಳಿದ್ದು ಹಾಲು. ಇಲ್ಲಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೊಟ್ಟೆ ಒಟ್ಟೆಯಾಗುತ್ತದೆ, ಹೋಗು ಓಗು ಆಗುತ್ತದೆ. ಕರೀ ಚಹಾ ಕುಡಿಯುತ್ತ ನನಗೆ ನಗು ಬರಲಿಲ್ಲ, ಭಯ ಬಂತು. ಕನ್ನಡದ ಊರಿನಿಂದ ಕನ್ನಡದ ಊರಿಗೇ ಬಂದು ಇಷ್ಟೊಂದು ಅರ್ಥವಾಗದೆ ಹೋದರೆ, ನಾನು ಇಂಗ್ಲಿಷ್ ಕಲಿಸಬೇಕಾಗಿದ್ದ ಜಪಾನಿನವರ ಗತಿ ಏನು?

ಸಿಂದಗಿಯ ನಮ್ಮ ಶಾಲೆ ಮುಚ್ಚಿದ ಮೇಲೆ ನಾನು ಹಿಡಿದ ಕೆಲಸ ಅದು. ಬಂಗಾರಪೇಟೆ ಹತ್ತಿರ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಯಂತ್ರ ಕೂಡಿಸಲು ಜಪಾನಿನಿಂದ ಬಂದವರಿಗೆ ಮಾತನಾಡುವ ಇಂಗ್ಲಿಷ್ ಕಲಿಸಬೇಕು. ಉಳಿದವರೆಲ್ಲ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಹಾರುಮಿ ಒಬ್ಬಳು ಮಾತ್ರ ದಿನವೂ ಅಷ್ಟು ದೂರದ ಓಡಾಟ ತನ್ನಿಂದಾಗದೆಂದು ಕೆಜಿಎಫ್‌ನ ಉರಿಗಾಂನಲ್ಲೇ ಮನೆ ಹಿಡಿದಳು. ಅದೇ ಮನೆಯ ಕೆಳಗಿನ ಕೋಣೆ ನನ್ನದು, ಮಾಳಿಗೆ ಅವಳದು, ನಡುವಿನದು ಮನೆಯೊಡತಿ, ಹಾಲಿನ ಮುನಿಯಮ್ಮನದು.

ಮುನಿಯಮ್ಮ ಕ್ಯಾಸಂಬಳ್ಳಿ ಕಡೆಯ ರೈತರ ಮಗಳು. ಹಸು ಕಟ್ಟಿಕೊಂಡೇ ಪೇಟೆಗೆ ಸಂಸಾರ ತಂದವರು. ಮನೆಯ ಎದುರಿನ ಅಂಗಡಿಯವರು ಒಬ್ಬರಿಗೆ "ಎನ್ನ ವೇಣುಂ?", ಏನು ಬೇಕು, ಎಂದು ತಮಿಳಿನಲ್ಲಿ ಕೇಳಿ, ಪಕ್ಕದವರಿಗೆ ತೆಲುಗಿನಲ್ಲಿ ಬೈದು, ನನಗೆ ಕನ್ನಡದಲ್ಲಿ ಚಿಲ್ಲರೆ ಕೊಡುತ್ತಾರೆ. ನಮ್ಮ ಕಡೆ ಒಬ್ಬ ಮನುಷ್ಯನಿಗೆ ಒಂದು ಮಾತು ಸಾಕು. ಇಲ್ಲಿ ಬೀದಿ ದಾಟುವಷ್ಟರಲ್ಲಿ ಮೂರು ಬೇಕು. ನಮ್ಮಲ್ಲಿ ಜೋಳದ ರೊಟ್ಟಿ ಮುರಿದು, ಅಗಿದು, ಮಾತಾಡುತ್ತ ಉಣ್ಣುತ್ತೇವೆ. ಇಲ್ಲಿ ನಾನು ಮುದ್ದೆ ಅಗಿಯುವುದನ್ನು ನೋಡಿ ಮುನಿಯಮ್ಮ ತಲೆ ಚಚ್ಚಿಕೊಂಡರು. "ನುಂಗ್ಬೇಕು ಕಣಮ್ಮ! ಅದೇನು ಎಮ್ಮೆ ತರ ಮೆಲುಕು ಆಕ್ತೀಯಾ?"

ಹಾರುಮಿ ನನಗಿಂತ ಬೇಗ ನುಂಗಲು ಕಲಿತಳು. ನಲವತ್ತು ದಾಟಿದ, ಸಣ್ಣ ಕಣ್ಣಿನ, ನಡೆಯುವಾಗ ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆ ಇಡುವ ಹೆಂಗಸು. ಸಮುದ್ರದ ಪಕ್ಕದ ಸಣ್ಣ ಊರಿನವಳು. ಕೆಲಸದಲ್ಲಿ ಕೂದಲೆಳೆಯ ತಪ್ಪನ್ನೂ ಬಿಡದವಳು ಇಂಗ್ಲಿಷ್ ಎಂದರೆ ಬೆವರುತ್ತಿದ್ದಳು. ತಪ್ಪು ಮಾತಾಡುವುದಕ್ಕಿಂತ ಮಾತಾಡದೆ ಇರುವುದೇ ಮೇಲು ಎಂಬುದು ಅವಳ ಲೆಕ್ಕ.

ಸಂಜೆ ಮಾಳಿಗೆಯ ಮೆಟ್ಟಿಲ ಮೇಲೆ ನಮ್ಮ ಪಾಠ. ಎದುರಿಗೆ ಗಣಿಯಿಂದ ತೆಗೆದು ಸುರಿದ ಬೂದು ಮಣ್ಣಿನ ದಿಬ್ಬ. ಗಾಳಿ ಎದ್ದರೆ ಅದರ ಧೂಳು ನಮ್ಮ ಪುಸ್ತಕದ ಮೇಲೆ. ಕಲಿಸುತ್ತ ಹೋದಂತೆ ನನಗೊಂದು ಸೋಜಿಗ ಕಾದಿತ್ತು. ಅವಳು ಬಸ್ ಅನ್ನಲಾರಳು, 'ಬಸು' ಅನ್ನುತ್ತಾಳೆ. ನಾವೂ ಬಸ್ಸು, ಬ್ಯಾಂಕು, ಕಾರು ಅನ್ನುವವರೇ. ಪದದ ಕೊನೆಯಲ್ಲಿ ವ್ಯಂಜನ ಒಂಟಿಯಾಗಿ ನಿಲ್ಲುವುದು ಅವರಿಗೂ ನಮಗೂ ಸೇರುವುದಿಲ್ಲ. ಅವರ ಮಾತಿನಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ನಾನು, ನೀನು ಎಂದು ಬಾರಿಬಾರಿಗೂ ಹೇಳುವುದಿಲ್ಲ. ಒಲ್ಲೆ ಎನ್ನಲು ನಾವು "ನೋಡೋಣ" ಎಂದರೆ, ಅವರು "ಸ್ವಲ್ಪ..." ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಆದ್ದರಿಂದ ಇಂಗ್ಲಿಷ್ ಕಲಿಯುವಾಗ ನನಗೆ ಕಷ್ಟವಾದದ್ದನ್ನೇ ಅವಳಿಗೂ ಹೇಳಿಕೊಟ್ಟೆ: ಒಂದೊಂದೇ ಪದ ತಂದು ಜೋಡಿಸಬೇಡ, ಇಡೀ ವಾಕ್ಯವನ್ನು ಬಾಯಿಗೆ ರೂಢಿ ಮಾಡಿಕೋ. ಥ್ಯಾಂಕ್ಯೂ ಅನ್ನುವ ಕಡೆ ಸಾರಿ ಅನ್ನಬೇಡ. ಬೇಡವಾದರೆ ಬೇಡ ಅನ್ನು.

ಒಂದು ವಿಷಯಕ್ಕೆ ಮಾತ್ರ ತಿಂಗಳುಗಟ್ಟಲೆ ಗುದ್ದಾಡಿದೆವು. "ಊಟ ಮಾಡಿಲ್ವಾ?" ಎಂದು ಕೇಳಿದರೆ, ಮಾಡದವರು ನಮ್ಮಲ್ಲಿ "ಹೂಂ, ಮಾಡಿಲ್ಲ" ಅನ್ನುತ್ತಾರೆ. ಜಪಾನಿನವರೂ ಹಾಗೆಯೇ. ಇಂಗ್ಲಿಷಿನಲ್ಲಿ ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಮಾಡಿದ್ದರೆ ಯೆಸ್, ಮಾಡದಿದ್ದರೆ ನೋ. ಅವಳ ಯೆಸ್ ಪ್ರತಿ ಸಲವೂ ತಲೆಕೆಳಗಾಗುತ್ತಿತ್ತು. ನಾನು ಮತ್ತೆ ಮತ್ತೆ ಕೇಳಿ ತಿದ್ದಿದೆ. ಕೊನೆಗೊಂದು ದಿನ ಅವಳು ಎಡವಲಿಲ್ಲ. ಆ ಸಂಜೆ ಮುನಿಯಮ್ಮ ಕೊಟ್ಟ ಗಿಣ್ಣಿನಲ್ಲಿ ನಾವಿಬ್ಬರೂ ಹಬ್ಬ ಮಾಡಿದೆವು.

ಅದಾದ ಕೆಲವೇ ದಿನಕ್ಕೆ ಅವಳು ಕೆಲಸಕ್ಕೆ ಹೋಗದೆ ಉಳಿದಳು. ಕೇಳಿದರೆ "ದೈಜೋಬು" ಎಂದಳು. ಏನೂ ತೊಂದರೆಯಿಲ್ಲ ಎಂಬ ಅರ್ಥದ ಆ ಪದ, ನನಗಾಗಿ ನೀವು ಕಷ್ಟಪಡಬೇಡಿ ಎಂಬುದಕ್ಕೂ ಸಲ್ಲುತ್ತದೆ. ಹೊಟ್ಟೆ ಸರಿಯಿಲ್ಲ, ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬರುತ್ತೇನೆ, ಇಂಗ್ಲಿಷಿನಲ್ಲಿ ಮಾತಾಡುತ್ತೇನೆ ಎಂದು ಹೊರಟಳು. ನಾನು ಹೆಮ್ಮೆಯಿಂದ ಆಟೋ ಹತ್ತಿಸಿದೆ.

ಮಧ್ಯಾಹ್ನ ಗುಳಿಗೆಯ ಪೊಟ್ಟಣ ಹಿಡಿದು ಬಂದಳು. ಮೆಟ್ಟಿಲು ಹತ್ತದೆ ಕೆಳಗೇ ಕೂತಳು. ಮುಖ ಸುಣ್ಣದಂತಿತ್ತು, ಆದರೂ ನಗು. "ನಾನೇ ಮಾತಾಡಿದೆ" ಎಂದಳು ಇಂಗ್ಲಿಷಿನಲ್ಲಿ.

ಮೇಷ್ಟರ ಬುದ್ಧಿ. ಅವರೇನು ಕೇಳಿದರು, ನೀನೇನು ಹೇಳಿದೆ ಎಂದು ಒಪ್ಪಿಸಲು ಹೇಳಿದೆ.

"ಡಾಕ್ಟರ್ ಕೇಳಿದರು: ಪೇನ್ ದಿಸ್ ಸೈಡ್ ಈಸ್ ನಾಟ್ ದೇರ್, ನೋ? ನಾನು ಹೇಳಿದೆ: ಯೆಸ್."

"ವೆರಿ ಗುಡ್!" ಎಂದೆ. ಉತ್ತರ ಸರಿಯಾಗಿತ್ತು. ಇದ್ದರೆ ಯೆಸ್.

ಆಮೇಲೆ ಆ ಪ್ರಶ್ನೆಯನ್ನು ನಾನೇ ಇನ್ನೊಮ್ಮೆ ಹೇಳಿಕೊಂಡೆ. ಇದ್ದರೆ ಯೆಸ್! ಆ ಕಡೆ ನೋವು ಇದೆ ಎಂದು ಇವಳು ಹೇಳಿದ್ದಳು. ಆದರೆ ಡಾಕ್ಟರು ಕೇಳಿದ್ದು ನಮ್ಮ ಇಂಗ್ಲಿಷು. 'ಈ ಕಡೆ ನೋವಿಲ್ಲ ಅಲ್ವಾ?' ಎಂಬ ಕನ್ನಡಕ್ಕೆ ಹಾಕಿದ ಇಂಗ್ಲಿಷ್ ಅಂಗಿ. ಅದಕ್ಕೆ ಯೆಸ್ ಅಂದರೆ 'ಹೂಂ, ಇಲ್ಲ' ಎಂದೇ ಅವರು ತಿಳಿದಿರುತ್ತಾರೆ. ನಾನು ಕಲಿಸದೆ ಬಿಟ್ಟಿದ್ದರೆ ಇವಳು ತನ್ನ ಹಳೆಯ ರೂಢಿಯಂತೆ ನೋ ಅನ್ನುತ್ತಿದ್ದಳು, 'ಅಲ್ಲ, ನೋವಿದೆ' ಎಂಬ ಅರ್ಥದಲ್ಲಿ. ಅವರಿಗೆ ಅದು ತಿಳಿಯುತ್ತಿತ್ತು.

"ಹಾರುಮಿ, ಎಲ್ಲಿ ನೋವು? ತೋರಿಸು."

ಹೊಟ್ಟೆಯ ಬಲಗಡೆ, ಕೆಳಗೆ, ಅವಳು ಅಂಗೈ ಇಟ್ಟಳು. ಇಟ್ಟ ಕೈಯನ್ನು ತಕ್ಷಣ ತೆಗೆದಳು. ಪೊಟ್ಟಣದಲ್ಲಿ ಇದ್ದದ್ದು ಗ್ಯಾಸಿನ ಗುಳಿಗೆ.

ಹುಲ್ಲು ಹಾಕುತ್ತಿದ್ದ ಮುನಿಯಮ್ಮ ಬಂದು ನೋಡಿದರು. "ಏನಮ್ಮ ಇದು, ಮೈ ಕಾದ ಎಂಚಿನಂಗೈತೆ! ಎದ್ದೇಳಿ, ಕೋಲಾರಕ್ಕೇ ಓಗ್ಬುಡಾನ. ನಮ್ಮ ಬಾವನ ಕಾರು ಐತೆ, ಕರೀತೀನಿ."

ಕಾರು ಬಂಗಾರಪೇಟೆ ಮುಟ್ಟುವ ಮೊದಲೇ ರೈಲ್ವೆ ಗೇಟು ಬಿತ್ತು. ಮುಂದೆ ಟೊಮ್ಯಾಟೊ ಕ್ರೇಟು ತುಂಬಿದ ಟೆಂಪೋ, ಹಿಂದೆ ಬಸ್ಸು. ಹಿಂದಿನ ಸೀಟಿನಲ್ಲಿ ಹಾರುಮಿ ನನ್ನ ಹೆಗಲಿಗೆ ಒರಗಿ ಮಂಡಿ ಮಡಚಿಕೊಂಡಿದ್ದಳು. ಗೂಡ್ಸ್ ರೈಲು ಮುಗಿಯುವಂತೆಯೇ ಕಾಣಲಿಲ್ಲ. ಅವಳ ಮನೆಯವರಿಗೆ ಏನೆಂದು ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ ಎಂದು ನಾನು ಆಗಲೇ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ.

"ಸಾರಿ. ಐ ಆಮ್ ಸಾರಿ" ಎಂದು ಅವಳು ಕನವರಿಸಿದಂತೆ ಅನ್ನುತ್ತಲೇ ಇದ್ದಳು.

"ಅದ್ಯಾಕೆ ಸಾರಿ ಸಾರಿ ಅಂತೈತೆ? ಏನು ತಪ್ ಮಾಡೈತೆ ಪಾಪ?" ಮುಂದಿನ ಸೀಟಿನಿಂದ ಮುನಿಯಮ್ಮ ಕೇಳಿದರು.

"ತಪ್ಪಲ್ರಿ. ಅವರಲ್ಲಿ 'ಸುಮಿಮಾಸೆನ್' ಅಂತ ಒಂದು ಮಾತದ. ನಿಮಗ ತೊಂದರಿ ಕೊಟ್ಟೆ, ಉಪಕಾರ ಆತು, ಎರಡಕ್ಕೂ ಅದೇ."

ಮುನಿಯಮ್ಮ ತಿರುಗಿ ಅವಳ ಪಾದ ಹಿಡಿದು ತಿಕ್ಕಿದರು. "ನಾನೂ ಸಾರಿ ಕಣವ್ವ. ಬೆಳಿಗ್ಗೆ ನಿನ್ನ ಒಬ್ಳನ್ನೇ ಕಳ್ಸಿದ್ದಕ್ಕೆ."

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬರುವ ಮುನ್ನ ನಾನು ಅವಳ ಕಿವಿಯಲ್ಲಿ ಹೇಳಿದೆ: ಯೆಸ್ ಬೇಡ, ನೋ ಬೇಡ. ವ್ಯಾಕರಣ ಬಿಟ್ಟುಬಿಡು. ಇದ್ದದ್ದನ್ನು ಇಡೀ ಹೇಳು.

ಡಾಕ್ಟರಮ್ಮ ಕೇಳಿದರು, "ಪೇನ್ ನಾಟ್ ಕಮಿಂಗ್ ಡೌನ್?"

ಹಾರುಮಿ ಹಲ್ಲು ಕಚ್ಚಿ ಉಸಿರು ತೆಗೆದುಕೊಂಡಳು. "ಪೇನ್ ಈಸ್ ಹಿಯರ್. ಪೇನ್ ಈಸ್ ಬಿಗ್. ನಾಟ್ ಗ್ಯಾಸು. ಪ್ಲೀಸು ಟಚ್."

ಅಷ್ಟು ದಿನ ನಾನು ತಿದ್ದಿದ್ದ ಉಕಾರಗಳೆಲ್ಲ ಮರಳಿ ಬಂದಿದ್ದವು. ಅವಳು ಆಡಿದ ಅತ್ಯಂತ ಸಹಜವಾದ ಇಂಗ್ಲಿಷ್ ನನ್ನ ಕಿವಿಗೆ ಅದೇ. ಡಾಕ್ಟರಮ್ಮ ಮುಟ್ಟಿದರು, ಅವಳು ಕಿರುಚಿದಳು. ಸಂಜೆಯೊಳಗೆ ಅಪೆಂಡಿಕ್ಸ್ ತೆಗೆದರು. ಒಡೆಯುವ ಹಂತಕ್ಕೆ ಬಂದಿತ್ತು, ನಾಳೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು.

ಮನೆಗೆ ಬಂದ ಮೇಲೆ ಕಾರ್ಖಾನೆಯವರು ಅವಳನ್ನು ಬೆಂಗಳೂರಿಗೆ ಕರೆದೊಯ್ಯುತ್ತೇವೆಂದರು. ಉಳಿದವರಿಗೆ ಪಾಠಕ್ಕೆ ಪುರುಸೊತ್ತೇ ಇರಲಿಲ್ಲ, ಅವಳು ಹೋದರೆ ನನ್ನ ಕೆಲಸವೂ ಹೋದಂತೆಯೇ. ಹಾಗೆಂದು ಇರು ಎನ್ನಲು ನನಗೆ ಬಾಯಿ ಬರಲಿಲ್ಲ. ಹಾರುಮಿ ಅವರಿಗೆ ನೇರವಾಗಿ, "ನೋ. ಐ ಡೋಂಟ್ ವಾಂಟ್ ಟು ಗೋ" ಎಂದಳು. ಮುಂದೆ ಸಾರಿ ಸೇರಿಸಲಿಲ್ಲ.

ಆದರೂ ಈಗ ನನ್ನ ಪಾಠ ಮೊದಲಿನಷ್ಟು ಧೈರ್ಯದ್ದಲ್ಲ. ಸಹಜವಾದ ಇಂಗ್ಲಿಷ್ ಅಂದರೆ ಯಾರಿಗೆ ಸಹಜ ಎಂಬ ಪ್ರಶ್ನೆ ಪ್ರತಿ ಸಂಜೆ ಎದ್ದು ಕೂರುತ್ತದೆ. ಜಪಾನಿನವರಿಗೆ ಕಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಎದುರಿಗಿರುವವರು ಯಾವ ಊರಿನ ಮನಸ್ಸಿನಿಂದ ಕೇಳುತ್ತಿದ್ದಾರೆಂದು ಮೊದಲು ನೋಡಲು ಹೇಳಿ. ಜೀವದ ವಿಷಯವಾದರೆ ಬರೀ ಯೆಸ್ ನೋ ನಂಬಬೇಡಿ.

ಮೊನ್ನೆ ಹಾರುಮಿಯ ತಾಯಿ ವಿಡಿಯೋ ಕರೆ ಮಾಡಿದ್ದರು. ಮುದುಕಿ ಪರದೆಯಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ನಮಿಸಿದರು. ನಾವು ಯಾರೆಂದು ಕೇಳಿದರು. ಹಾರುಮಿ ನನ್ನನ್ನೂ ಮುನಿಯಮ್ಮನನ್ನೂ ತೋರಿಸಿ ಏನೋ ಹೇಳಿದಳು. 'ಉಚಿ' ಎಂಬ ಪದವೊಂದು ಕೇಳಿತು. ಆಮೇಲೆ ಕೇಳಿದ್ದಕ್ಕೆ, ಉಚಿ ಅಂದರೆ ಮನೆ, ಒಳಗಿನದು, ನೀವು ನಮ್ಮ ಒಳಗಿನವರು ಎಂದು ಅಮ್ಮನಿಗೆ ಹೇಳಿದೆ, ಎಂದಳು.

"ನೋಡು, ಈಗ ನಮ್ಮನೇವ್ಳಾದೆ ನೀನೂ" ಎಂದು ಮುನಿಯಮ್ಮ ನನ್ನ ಬೆನ್ನಿಗೊಂದು ಗುದ್ದಿದರು.

ಅದೇ ಹೊತ್ತಿಗೆ ಸಿಂದಗಿಯಿಂದ ಅಣ್ಣನ ಫೋನು. "ಪಂಚಮಿಗೆ ಬರ್ತಿ ಹೌದಿಲ್ಲೋ? ಎಷ್ಟ ದಿನ ಇರ್ತಿ ಹೇಳು, ಹೊರಗಿನ ಖೋಲಿ ಸ್ವಚ್ಛ ಮಾಡಸ್ತೀನಿ" ಎಂದ. ಪ್ರೀತಿಯಿಂದಲೇ ಕೇಳಿದ. ಹೊರಗಿನ ಖೋಲಿ ನಮ್ಮಲ್ಲಿ ಬಂದುಹೋಗುವವರಿಗೆ ಕೊಡುವ ಕೋಣೆ. ನಾನು ಹುಟ್ಟಿ ಬೆಳೆದದ್ದು ಒಳಗಿನದರಲ್ಲಿ. ಈ ಮನೆಯ ಒಳಗಿನವಳು ಎನಿಸಿಕೊಂಡ ಕ್ಷಣದಲ್ಲೇ ಆ ಮನೆಯಲ್ಲಿ ನನಗೆ ಹಾಸಿಗೆ ಹೊರಗೆ ಬಿದ್ದಿತ್ತು.

ನೋಡಿ ಹೇಳ್ತೀನಿ ಎಂದು ಫೋನಿಟ್ಟೆ. ಎಷ್ಟು ದಿನ ಎಂದು ಇನ್ನೂ ತಿಳಿಸಿಲ್ಲ.