ಗಂಗಾಂಬಿಕಾಳ ಎರಡು ರಿಟರ್ನ್‌ಗಳು

ಧಾರವಾಡದ ಗಂಗಾಂಬಿಕಾ ಮದುವೆಯಾಗಿ ಅಮೆರಿಕದ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ಗೆ ಬಂದದ್ದು ೨೦೦೯ರಲ್ಲಿ. ಗಂಡ ಶಶಿಕಾಂತ ಎಂಜಿನಿಯರ್. ಅವನ ಕಚೇರಿ ಪಕ್ಕದ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿ, ಕಾರಿನಲ್ಲಿ ಅರ್ಧ ಗಂಟೆ. ನಡುವೆ ರಾಜ್ಯದ ಗಡಿಯೊಂದಿದೆ ಎಂಬುದು ಅವರಿಗೆ ನಾಟಿದ್ದು ಮರುವರ್ಷ, ಸೌತ್ ಕ್ಯಾರೊಲಿನಾದ ತೆರಿಗೆ ಇಲಾಖೆಯಿಂದ ಕಾಗದ ಬಂದಾಗ. ಸಂಬಳದಲ್ಲಿ ನಾರ್ತ್ ಕ್ಯಾರೊಲಿನಾದ ತೆರಿಗೆ ಹಿಡಿಯುತ್ತಾರಲ್ಲ, ಅಲ್ಲಿಗೆ ಮುಗಿಯಿತೆಂದು ಶಶಿಕಾಂತ ತಿಳಿದಿದ್ದ. ಮನೆಯಿರುವ ರಾಜ್ಯಕ್ಕೂ ಲೆಕ್ಕ ಒಪ್ಪಿಸಬೇಕಿತ್ತು. ಸಿಟ್ಟಿನಿಂದ ಕಾಗದವನ್ನು ಫ್ರಿಜ್ ಮೇಲೆ ಎಸೆದ.

ಅದನ್ನು ಎತ್ತಿಕೊಂಡವಳು ಗಂಗಾಂಬಿಕಾ. ಬಿ.ಕಾಂ. ಓದಿದವಳು, ಆದರೆ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ವಾರವಿಡೀ ಲೈಬ್ರರಿಯಲ್ಲಿ ಕೂತು ಓದಿದಳು. ಇಲಾಖೆಗೆ ಫೋನ್ ಮಾಡಿ ತಡವರಿಸುತ್ತಲೇ ಕೇಳಿದಳು. ಒಂದೇ ಸಂಬಳಕ್ಕೆ ಎರಡೂ ಕಡೆ ಪೂರ್ತಿ ಕಟ್ಟಬೇಕಿಲ್ಲ, ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯಬಹುದು ಎಂದು ತಿಳಿದ ದಿನ ಲೈಬ್ರರಿಯ ಪಾರ್ಕಿಂಗ್ ಲಾಟಿನಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟಳು. ಅಂದಿನಿಂದ ಎರಡೂ ರಾಜ್ಯಗಳ ತೆರಿಗೆ ರಿಟರ್ನ್ ತುಂಬುವುದು ಅವಳದೇ ಕೆಲಸ. ಶಶಿಕಾಂತ ಓದದೆ ಸಹಿ ಹಾಕುತ್ತಿದ್ದ.

೨೦೧೪ರ ಫೆಬ್ರವರಿಯಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಅವಳ ಬಲ ಮಣಿಕಟ್ಟು ಮುರಿಯಿತು. ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಶಶಿಕಾಂತನೇ ಫೈಲು ಹಿಡಿದು ಊಟದ ಮೇಜಿಗೆ ಕೂತ. ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಅವಳು ಎದುರಿಗೆ ಕೂತಳು. ಗಂಟೆ ಕಳೆದರೂ ಲೆಕ್ಕ ಕೂಡಲಿಲ್ಲ. ಕಳೆಯಬೇಕಾದ ಮೊತ್ತ ಗೊತ್ತಾಗುವ ಮೊದಲೇ ಅವನು ಸೌತ್ ಕ್ಯಾರೊಲಿನಾದಿಂದ ಶುರು ಮಾಡಿದ್ದ.

“ಮೊದ್ಲ ದುಡಿಯೋ ಊರಿಂದು ಮುಗಸ್ರಿ,” ಎಂದಳು ಮೆಲ್ಲಗೆ. “ಆಮ್ಯಾಲ ಮನೀದು.”

ನೋಡಿ ಬರೆಯಲೆಂದು ಅವನು ಹಳೆಯ ಪ್ರತಿಗಳನ್ನು ತೆಗೆದ. ಮೊದಲ ವರ್ಷದ ಹಾಳೆಗಳ ಅಂಚಿನಲ್ಲೆಲ್ಲ ಪುಟ್ಟ ಕನ್ನಡ ಅಕ್ಷರಗಳಲ್ಲಿ ಸಾಲುಸಾಲಿನ ಅರ್ಥ. ಒಂದು ಕಡೆ, ‘ಇದನ್ನ ಮತ್ತ ಕೇಳಬೇಕು. ನಾಚಬಾರದು.’

ಶಶಿಕಾಂತ ಅದನ್ನು ಎರಡು ಸಲ ಓದಿದ.

“ಇಷ್ಟ ಕಷ್ಟ ಆಗಿತ್ತಂತ ನನಗ್ಯಾಕ ಹೇಳಲಿಲ್ಲ?”

“ನೀವು ಕೇಳಿದ್ರ ಹೇಳ್ತಿದ್ದೆ.”

ಅವನು ಎದ್ದುಹೋಗಿ ಚಹಾ ಮಾಡಿ ತಂದ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಈಗ ಕೇಳುತ್ತಿದ್ದೇನೆ ಎಂದ. ಪಾರ್ಕಿಂಗ್ ಲಾಟಿನಲ್ಲಿ ಅತ್ತ ಸಂಗತಿಯನ್ನು ಗಂಗಾಂಬಿಕಾ ಮೊದಲ ಸಲ ಬಾಯಿಬಿಟ್ಟಳು. ಹೇಳುತ್ತ ಅವಳಿಗೆ ನಗು ಬಂತು, ಅವನು ನಗಲಿಲ್ಲ.

ರಿಟರ್ನ್‌ಗಳು ಮುಗಿದಾಗ ಮಧ್ಯಾಹ್ನವಾಗಿತ್ತು. ಇಬ್ಬರ ಹೆಸರಿನಲ್ಲಿದ್ದುದರಿಂದ ಅವಳೂ ಎಡಗೈಯಲ್ಲೇ ಸೊಟ್ಟಪಟ್ಟ ಸಹಿ ಹಾಕಿದಳು. ಅದನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಚಿಂತೆ ಶಶಿಕಾಂತನಿಗೆ. ಎರಡೂ ರಾಜ್ಯಗಳಿಂದ ತಕರಾರು ಬರಲಿಲ್ಲ.

ಮರುವರ್ಷ ಅವಳ ಕೈ ನೆಟ್ಟಗಾಗಿತ್ತು. ಆದರೂ ಶಶಿಕಾಂತ ಬಂದು ಕೂತ. ನಾರ್ತ್ ಕ್ಯಾರೊಲಿನಾದ ರಿಟರ್ನನ್ನು ಅವಳು ಅವನಿಗೇ ಬಿಟ್ಟುಕೊಟ್ಟಳು. ಅವನು ಬೇಕಾದಷ್ಟು ತಪ್ಪು ಮಾಡಿದ. ತಾನಾಗಿ ಕಂಡುಕೊಳ್ಳಲಿ ಎಂದು ಅವಳು ಸುಮ್ಮನೆ ಕಾದಳು.