ಶಾಬ್ಲಿಯ ದ್ರಾಕ್ಷಿ, ಮನ್ಮನೆಯ ಅಪ್ಪೆಮಿಡಿ

ರಸ್ತೆಬದಿಯ ಚರಂಡಿಗಾಗಿ ಮನ್ಮನೆ ಊರಿನ ಅಪ್ಪೆಮಾವಿನ ಮರ ಕಡಿಯಬೇಡಿ ಎಂದು ನಾನು ಕೂಗಾಡಿದ್ದಕ್ಕೆ, ರಸ್ತೆ ಎಂಜಿನಿಯರ್ ಸಾಹೇಬರು "ಬನ್ನಿ, ಸ್ಥಳದಲ್ಲೇ ನೋಡೋಣ" ಎಂದು ಶಿರಸಿಯಿಂದ ನನ್ನನ್ನು ಜೀಪಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಅವರದು ಫ್ರಾನ್ಸ್ ಪ್ರವಾಸದಲ್ಲಿ ಕುಡಿದ ವೈನಿನ ಬಡಾಯಿ. ಶಾಬ್ಲಿ ಎಂಬ ಊರಿನ ವೈನಿಗೆ ಶಾರ್ಡನೆ ದ್ರಾಕ್ಷಿಯೇ ಆಗಬೇಕಂತೆ. ಅದೇ ಬಳ್ಳಿಯನ್ನು ಬೇರೆ ಕಡೆ ನೆಟ್ಟರೆ ಅದರ ವೈನನ್ನು ಶಾಬ್ಲಿ ಎನ್ನುವಂತಿಲ್ಲವಂತೆ. "ಮಣ್ಣಿನ ಗುಣ ಕಣ್ರೀ!"

ನಾವು ಇಳಿದಾಗ ಗರಗಸದ ಯಂತ್ರ ಆಗಲೇ ಗುರ್ ಎನ್ನುತ್ತಿತ್ತು. ಉಪ್ಪಿನಕಾಯಿ ಮಾರುವ ಸಾವಿತ್ರಕ್ಕ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. "ತಮಾ, ಈ ಮಿಡಿ ಇಲ್ದಿದ್ರೆ ಎನ್ನ ಉಪ್ಪಿನಕಾಯಿಗೆ ಗಿರಾಕಿ ಇಲ್ಲೆ," ಎಂದಳು ನನ್ನತ್ತ ತಿರುಗಿ.

"ಕಸಿ ಕಟ್ಟಿ ಬೇರೆ ಕಡೆ ನೆಡಿ. ಅದೇ ತಳಿ ತಾನೇ?" ಎಂದರು ಸಾಹೇಬರು.

ನನಗೆ ಮೈ ಉರಿಯಿತು. "ಹಾಗಾದರೆ ನಿಮ್ಮ ಶಾಬ್ಲಿಯನ್ನು ಹುಬ್ಬಳ್ಳಿಯಲ್ಲಿ ಬೆಳೆಸಿ!"

"ಅದಕ್ಕೆ ಕಾನೂನಿದೆ ರೀ."

"ಕಾನೂನು ಆಕಾಶದಿಂದ ಬಿತ್ತಾ? ಅಲ್ಲೂ ಯಾರೋ ನಮ್ಮ ಹಾಗೆ ಜಗಳ ಆಡಿದ್ದಕ್ಕೇ ಬಂದಿರಬೇಕು," ಎಂದು ನಾನೂ ಮರಕ್ಕೆ ಬೆನ್ನು ಕೊಟ್ಟೆ.

ಗರಗಸ ನಮ್ಮ ಮೊಣಕಾಲಿನವರೆಗೆ ಬಂದು ನಿಂತಿತು. ಸಾಹೇಬರು ಬೆವರು ಒರೆಸಿಕೊಂಡು, ಚರಂಡಿಯನ್ನು ಆಚೆ ಬದಿಗೆ ತಿರುಗಿಸಲು ಹೇಳಿದರು.

ಹೊರಡುವಾಗ ಸಾವಿತ್ರಕ್ಕನಿಂದ ಒಂದು ಭರಣಿ ಉಪ್ಪಿನಕಾಯಿ ಕೇಳಿ ಪಡೆದರು. ಜೀಪಿನಲ್ಲಿ ನನ್ನ ಸೀಟು ಭರಣಿಗೆ ಸಿಕ್ಕಿತು. ನಾನು ಬಸ್ಸಿಗೆ ಕಾದೆ.