ಹಳೇ ಕಂಪ್ಯೂಟರಿನ ವಯಸ್ಸು ಹೇಳುವ ಕಮರ್ ಜಹಾನ್

"ಡಬ್ಬ ನೋಡಿ ವಯಸ್ಸು ಹೇಳಬಾರದು ಮೇಷ್ಟ್ರೇ. ಡಬ್ಬ ಬದಲಾಯಿಸಿರ್ತಾರೆ, ಕೀಬೋರ್ಡಂತೂ ಎಷ್ಟು ಸಲ ಬದಲಾಗಿರುತ್ತೋ. ಇನ್ನು ಪರದೆ ಮೇಲೆ ಬರೋ ತಾರೀಕು ಇದೆಯಲ್ಲ, ಅದನ್ನ ನಂಬಲೇಬೇಡಿ. ಆ ಕಾಲದ ಮಿಷಿನ್‌ಗೆ ಕರೆಂಟ್ ಹೋದ್ರೆ ತಾರೀಕು ಮರೆತೋಗುತ್ತೆ. ಆನ್ ಮಾಡಿದ ತಕ್ಷಣ ಎಂಬತ್ತನೇ ಇಸವಿ ಜನವರಿ ಒಂದು ಅಂತ ಪಾಠ ಒಪ್ಪಿಸುತ್ತೆ. ನನ್ನ ಕೈಲಿ ನೂರಾರು ಹಾದುಹೋಗಿವೆ, ಎಲ್ಲಾ ಒಂದೇ ದಿನ ಹುಟ್ಟಿದ್ವಾ? ಒಳಗಿನ ಕರೀ ಚಿಪ್‌ಗಳನ್ನ ನೋಡ್ಬೇಕು. ಬೆನ್ನ ಮೇಲೆ ನಾಲ್ಕು ಅಂಕಿ ಇರ್ತವೆ. ಮೊದಲ ಎರಡು ಇಸವಿ, ಆಮೇಲಿನ ಎರಡು ವಾರ. ಎಲ್ಲಕ್ಕಿಂತ ಈಚಿಂದು ಯಾವುದೋ, ಅದು ಹುಟ್ಟೋಕೆ ಮುಂಚೆ ಮಿಷಿನ್ ಹುಟ್ಟಿರಲ್ಲ."

ಹೊಸಕೋಟೆಯ ಗುಜರಿ ಅಂಗಡಿಯಲ್ಲಿ ಕೂತು ಕಮರ್ ಜಹಾನ್ ಹೆಡ್ ಮೇಷ್ಟ್ರಿಗೆ ಹೀಗೆ ಹೇಳುತ್ತಿದ್ದರೆ, ಎದುರಿನ ಸ್ಟೂಲಿನಲ್ಲಿದ್ದ ಅಮ್ಮಯಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಮ್ಮಯಮ್ಮ ಕುಂದಾಣದ ಕಡೆಯ ಹೈಸ್ಕೂಲೊಂದರಲ್ಲಿ ಆಯಾ ಆಗಿದ್ದವಳು. ಶಾಲೆಯ ಮೊದಲ ಕಂಪ್ಯೂಟರನ್ನು ಎಂಬತ್ತೊಂಬತ್ತರಲ್ಲಿ ಬಸ್‌ಸ್ಟಾಪಿನಿಂದ ತಲೆ ಮೇಲೆ ಹೊತ್ತು ತಂದವಳು ತಾನೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮೊನ್ನೆ ವಾರ್ಷಿಕೋತ್ಸವಕ್ಕೆಂದು ಅದನ್ನು ಮೂಲೆಯಿಂದ ತೆಗೆದು ಆನ್ ಮಾಡಿದರೆ 1980 ಎಂದು ತೋರಿಸಿತು. ಹೆಡ್ ಮೇಷ್ಟ್ರು ವೇಣುಗೋಪಾಲ್ ಅದೇ ಶಾಲೆಗೆ ಬಂದ ಇಸವಿಯೆಂದು ಫಲಕದ ಮೇಲೆ ಬರೆಸಲು ಹೊರಟರು. ಅಮ್ಮಯಮ್ಮ ಕೆಲಸಕ್ಕೆ ಸೇರಿದ್ದೇ ಎಂಬತ್ತೆಂಟರಲ್ಲಿ!

"ಸೇರೋಕೆ ಎಂಟು ವರ್ಷ ಮುಂಚೆನೇ ಹೊತ್ಕೊಂಡ್ ಬಂದ್ಬಿಟ್ಯಾ ಅಜ್ಜಿ?" ಎಂದು ಮೊಮ್ಮಗಳು ಸಿಂಧುವೇ ನಕ್ಕಳು. ಅಮ್ಮಯಮ್ಮನಿಗೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಮೇಷ್ಟ್ರ ಬೆನ್ನುಬಿದ್ದು, ಕಂಪ್ಯೂಟರನ್ನು ಅವರ ಕಾರಿಗೆ ಹಾಕಿಸಿಕೊಂಡು ಅವರ ಜೊತೆ ಇಲ್ಲಿಗೆ ಬಂದಿದ್ದಳು.

ಕಮರ್ ಜಹಾನ್ ಓದಿದ್ದು ಆರನೇ ಕ್ಲಾಸು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಮಸ್ತಾನ್ ಹಿತ್ತಿಲಲ್ಲಿ ಬೋರ್ಡುಗಳನ್ನು ರಾಶಿ ಸುರಿದು, ಚಿಪ್ ಬಿಡಿಸು ಎಂದನಂತೆ. ಇವಳಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತಿತ್ತು. ಕೊನೆಯ ಎರಡು ಅಂಕಿ ಐವತ್ತೆರಡು ದಾಟುವುದೇ ಇಲ್ಲವಲ್ಲ, ಯಾಕೆ? ಯಾರೂ ಹೇಳಲಿಲ್ಲ. ಒಂದು ದಿನ ರೊಟ್ಟಿ ಬೇಯಿಸುತ್ತಾ ಗೋಡೆಯ ಕ್ಯಾಲೆಂಡರಿನ ವಾರಗಳನ್ನು ಎಣಿಸಿ ತಾನೇ ಕಂಡುಕೊಂಡಳು. ಈಗ ಹಳೇ ಮಿಷಿನ್ ಕೂಡಿಡುವವರು ಬೆಂಗಳೂರಿನಿಂದ ಹುಡುಕಿಕೊಂಡು ಬರುತ್ತಾರೆ. ಅಂದಾಜು ಹೇಳಿ ಎಂದರೆ ಮಾತ್ರ ರೇಗುತ್ತಾಳೆ.

ಮುಚ್ಚಳ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಧೂಳು ಒರೆಸಿ, ಭೂತಕನ್ನಡಿ ಹಿಡಿದು ಓದತೊಡಗಿದಳು. "ಎಂಬತ್ತೆಂಟು, ನಲವತ್ತು. ಎಂಬತ್ತೆಂಟು, ನಲವತ್ತೇಳು. ಎಂಬತ್ತೊಂಬತ್ತು, ಹನ್ನೊಂದು... ಅರೆ, ಇದು ತೊಂಬತ್ನಾಲ್ಕು."

"ನೋಡಿದ್ಯೇನಮ್ಮಾ? ಎಂಬತ್ತೊಂಬತ್ತು ಅಂತಿದ್ದೆ!" ಎಂದರು ಮೇಷ್ಟ್ರು. ಅಮ್ಮಯಮ್ಮ ಸೆರಗಿನ ತುದಿ ಹಿಂಡುತ್ತಾ ಕೂತಳು.

"ತಡೀರಿ ಸ್ವಲ್ಪ. ಇದರ ಕಾಲಿನ ಬೆಸುಗೆ ನೋಡಿ, ಯಾರೋ ರಿಪೇರಿಯೋರು ಕೈಲಿ ಹಾಕಿದ್ದು. ಸೀರೆಗೆ ತೇಪೆ ಹಾಕಿದ್ರೆ, ತೇಪೆ ವಯಸ್ಸನ್ನ ಸೀರೆ ವಯಸ್ಸು ಅಂತೀರಾ? ಈ ಮಿಷಿನ್ ಎಂಬತ್ತೊಂಬತ್ತರ ಹನ್ನೊಂದನೇ ವಾರ, ಅಂದ್ರೆ ಮಾರ್ಚಿಗೆ ಮುಂಚೆ ತಯಾರಾಗಿಲ್ಲ. ಬರ್ಕೊಳ್ಳಿ."

"ಶಾಲೆಗೆ ಬಂದಿದ್ದು?"

"ಅದು ಚಿಪ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೊತ್ಕೊಂಡ್ ಬಂದೋರು ಪಕ್ಕದಲ್ಲೇ ಇದಾರಲ್ಲ, ಕೇಳಿ."

ವೇಣುಗೋಪಾಲ್ ಪೆನ್ನು ತೆಗೆದು ಅಮ್ಮಯಮ್ಮನ ಕಡೆ ತಿರುಗಿದರು. "ಹೇಳಮ್ಮಾ."

"ಎಂಬತ್ತೊಂಬತ್ತರ ಗೌರಿಹಬ್ಬ ಕಳೆದು ಮಾರನೇ ವಾರ, ಸಾ. ಹಬ್ಬದ ಹೊಸ ಸೀರೆ ಸೆರಗನ್ನೇ ಸಿಂಬೆ ಸುತ್ತಿ ತಲೆಗಿಟ್ಕೊಂಡಿದ್ದೆ."

ಮೇಷ್ಟ್ರು ಫಲಕದ ಚೀಟಿಯಲ್ಲಿದ್ದ 1980 ಹೊಡೆದುಹಾಕಿ 1989 ಎಂದು ಬರೆದರು. ಕೆಳಗೆ, ಯಾರೂ ಹೇಳದೆಯೇ, ಅಮ್ಮಯಮ್ಮನ ಹೆಸರನ್ನೂ ಬರೆದರು.

ಅಷ್ಟರಲ್ಲಿ ಹಿತ್ತಿಲ ನಲ್ಲಿ ಬುಸುಬುಸು ಎಂದಿತು. "ನೀರು ಬಂತು!" ಎನ್ನುತ್ತಾ ಕಮರ್ ಜಹಾನ್ ಭೂತಕನ್ನಡಿ ಇಟ್ಟು ಎದ್ದಳು. ಅಮ್ಮಯಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆಯೇ ಹೋದಳು. ಒಬ್ಬಳು ನಲ್ಲಿಗೆ ಕೊಡ ಹಿಡಿದಳು, ಇನ್ನೊಬ್ಬಳು ತುಂಬಿದ್ದನ್ನು ಒಳಗಿನ ಡ್ರಮ್ಮಿಗೆ ಸುರಿದು ಬಂದಳು.